ಬೇಸ್ ಗಿಟಾರ್ ಮರಳಿ ಬಂದ ಆಲ್ಬಮ್: ನ್ಯೂ ಆರ್ಡರ್‌ನ ಮೂರರಲ್ಲಿ ನನ್ನ ಆಯ್ಕೆ

ಮೊದಲೇ ಹೇಳಿಬಿಡುತ್ತೇನೆ, ಇಂಗ್ಲೆಂಡಿನ ನ್ಯೂ ಆರ್ಡರ್ ಬ್ಯಾಂಡಿನ ‘ಟೆಕ್ನಿಕ್’, ‘ರಿಪಬ್ಲಿಕ್’, ‘ಗೆಟ್ ರೆಡಿ’ ಎಂಬ ಮೂರು ಆಲ್ಬಮ್ಮುಗಳಲ್ಲಿ ನನಗೆ ‘ಗೆಟ್ ರೆಡಿ’ಯೇ ಇಷ್ಟ. ನ್ಯೂ ಆರ್ಡರ್ ಅಂದರೆ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್), ಡ್ರಮ್ ಮೆಷಿನ್, ಕುಣಿತ ಎಂದು ನಂಬಿದವರಿಗೆ ಇದು ಹಿಡಿಸಲಿಕ್ಕಿಲ್ಲ. ಆದರೆ ನಾನು ಹನ್ನೊಂದು ವರ್ಷ ಮಂಗಳೂರಿನ ಮದುವೆ, ರೋಸ್ (ಕ್ರೈಸ್ತರ ಮದುವೆಯ ಹಿಂದಿನ ಶಾಸ್ತ್ರ) ಕಾರ್ಯಕ್ರಮಗಳಲ್ಲಿ ಬೇಸ್ ಗಿಟಾರ್ ನುಡಿಸಿದವನು. ತಾಳವನ್ನೂ ಬೇಸನ್ನೂ ತಾನೇ ನುಡಿಸಿಕೊಳ್ಳುವ ಕೀಬೋರ್ಡ್ ಬಂದ ಮೇಲೆ ಏಳು ಜನರ ಬ್ಯಾಂಡ್ ಮೂವರದ್ದಾಯಿತು. ಮೊದಲು ಕೆಲಸ ಹೋದದ್ದು ನನ್ನದು ಮತ್ತು ಡ್ರಮ್ ಬಾರಿಸುತ್ತಿದ್ದ ಗೆಳೆಯನದ್ದು. ಹಾಗಾಗಿ ಸಿಂಥ್‌ನಿಂದಲೇ ಹೆಸರು ಮಾಡಿದ ಬ್ಯಾಂಡೊಂದು ಎಂಟು ವರ್ಷ ಹೊಸ ಆಲ್ಬಮ್ ಇಲ್ಲದೆ ಸುಮ್ಮನಿದ್ದು, 2001ರ ಆಗಸ್ಟ್‌ನಲ್ಲಿ ಗಿಟಾರ್ ಹಿಡಿದು ವಾಪಸು ಬಂತು ಎಂದು ತಿಳಿದಾಗ ನನಗೆ ಆದ ಖುಷಿಯೇ ಬೇರೆ.

ಆದರೆ ಮೊದಲು ಕೊಂಡದ್ದು 1993ರ ‘ರಿಪಬ್ಲಿಕ್’. ಹಳೆಯ ಸಿಡಿ, 300 ರೂಪಾಯಿ. ಅವರ ಆಲ್ಬಮ್ಮುಗಳನ್ನು ಹೊರತರುತ್ತಿದ್ದ ಫ್ಯಾಕ್ಟರಿ ರೆಕಾರ್ಡ್ಸ್ ಕಂಪನಿ 1992ರಲ್ಲಿ ಮುಳುಗಿ, ಬ್ಯಾಂಡು ಲಂಡನ್ ರೆಕಾರ್ಡ್ಸ್ ಸೇರಿದ ಮೇಲೆ ಬಂದ ಆಲ್ಬಮ್ ಅದು. ಮೊದಲ ಹಾಡು ಅಪ್ಪಟ ಚಿನ್ನ. ಅದನ್ನು ಕೇಳಿಯೇ ದುಡ್ಡು ಕೊಟ್ಟೆ. ಆಮೇಲಿನ ಹಾಡುಗಳಲ್ಲಿ ಬ್ಯಾಂಡಿನ ಬೇಸ್ ವಾದಕ ಪೀಟರ್ ಹುಕ್‌ನ ಬೇಸನ್ನು ಕೀಬೋರ್ಡುಗಳ ಅಡಿಯಿಂದ ಹುಡುಕಿ ತೆಗೆಯಬೇಕು.

ಹುಕ್‌ನ ಬೇಸ್ ಹುಡುಕಿಕೊಂಡು ಕೇಳುವಂಥದ್ದಲ್ಲ. ನ್ಯೂ ಆರ್ಡರ್ ಆಗುವ ಮೊದಲು ಇವರದೇ ಬ್ಯಾಂಡಾಗಿದ್ದ ಜಾಯ್ ಡಿವಿಷನ್ ಕಾಲದಲ್ಲಿ ಅವನ ಆಂಪ್ಲಿಫೈಯರ್ ಕಳಪೆ, ಬರ್ನಾರ್ಡ್ ಸಮ್ನರ್‌ನ ಗಿಟಾರ್ ಸದ್ದು ಜೋರು. ತನ್ನ ಸ್ವರ ತನಗೇ ಕೇಳಲಿ ಎಂದು ಅವನು ಬೇಸಿನ ಕತ್ತಿನ ಮೇಲ್ಭಾಗಕ್ಕೆ, ಎತ್ತರದ ಸ್ವರಗಳಿಗೆ ಹೋದ. ಬೇಸ್ ಹಾಡಲು ಶುರುವಾದದ್ದೇ ಹಾಗೆ. ಸಣ್ಣ ಸ್ಪೀಕರಿನ ಮುಂದೆ ನಿಂತು ನುಡಿಸಿದವರಿಗೆ ಆ ಕಷ್ಟ ಗೊತ್ತುಂಟು.

1989ರ ‘ಟೆಕ್ನಿಕ್’ ಮಾತ್ರ ಗಟ್ಟಿ ಎದುರಾಳಿ. ಒಂದಷ್ಟು ಭಾಗ ಇಬಿಜಾ ದ್ವೀಪದಲ್ಲಿ ಧ್ವನಿಮುದ್ರಣವಾದದ್ದು, ಅಲ್ಲಿನ ಕ್ಲಬ್ಬುಗಳ ಗುಂಗು ಅದಕ್ಕೆ ಹತ್ತಿದೆ. ಒಂಬತ್ತೇ ಹಾಡು, ಒಂದೂ ಹೆಚ್ಚಿಲ್ಲ. ಕುಣಿತದ ಹಾಡುಗಳ ನಡುವೆ ಗಿಟಾರಿನ ಹಾಡುಗಳೂ ಧಾರಾಳ ಇವೆ. ಇದನ್ನು ಆಸೆಪಟ್ಟು ಎಲ್‌ಪಿಯಲ್ಲಿ ತರಿಸಿದೆ, ಸಾಗಾಟ ಸೇರಿ 2,600 ರೂಪಾಯಿ. ಒಂದೇ ಮಳೆಗಾಲದಲ್ಲಿ ರಟ್ಟಿನ ಕವರಿಗೆ ಬೂಷ್ಟು ಬಂತು. ನಮ್ಮ ಉಡುಪಿಯ ಜುಲೈಯಲ್ಲಿ ಎಲ್‌ಪಿ ಸಾಕುವುದು ಸುಲಭವಲ್ಲ, ಕೊನೆಗೆ ಅದರದೂ ಸಿಡಿ ಕೊಂಡೆ.

ಈಗ ನಾಲ್ಕು ತಿಂಗಳು ನನ್ನನ್ನು ಕಾಡಿದ ಸಂಗತಿಗೆ ಬರುತ್ತೇನೆ.

ನಾನು ಉಡುಪಿಯಿಂದ ಮಂಗಳೂರಿಗೆ ದಿನಾ ಕಾರಿನಲ್ಲಿ ಹೋಗುವವನು. ಹಳೆಯ ಕಾರು, ಸಿಡಿ ಪ್ಲೇಯರ್ ಇನ್ನೂ ಓಡುತ್ತದೆ. ಜೂನ್‌ನಲ್ಲಿ ಕಾಪು ದಾಟಿದ್ದೇ ಮಳೆ ಹಿಡಿದರೆ ತಗಡಿನ ಮೇಲೆ ಹನಿ ಬಡಿಯುವ ಸದ್ದು, ವೈಪರ್ ಸದ್ದು, ಒದ್ದೆ ರಸ್ತೆಯಲ್ಲಿ ಚಕ್ರದ ಸದ್ದು. ‘ಟೆಕ್ನಿಕ್’ನ ಸಿಡಿಯ ವಾಲ್ಯೂಮನ್ನು 24ಕ್ಕೆ ಏರಿಸಿದರೂ ಮೆಲ್ಲನೆಯ ಭಾಗಗಳು ಮುಳುಗಿಹೋಗುತ್ತವೆ. ಹೆಜಮಾಡಿ ಟೋಲ್‌ನ ಮಾಡಿನಡಿ ನಿಂತದ್ದೇ ಮಳೆಯ ಸದ್ದು ನಿಂತು ಡ್ರಮ್ ಕಿವಿಗೆ ಹೊಡೆಯುತ್ತದೆ. ಇಳಿಸು, ಮೂಲ್ಕಿ ಸೇತುವೆಯ ಮೇಲೆ ಮತ್ತೆ ಏರಿಸು. ಅದು ಮುಗಿದ ಮೇಲೆ ‘ಗೆಟ್ ರೆಡಿ’ ಹಾಕಿ, ವಾಲ್ಯೂಮ್ ಇಳಿಸಲು ಮರೆತರೆ ಬೆಚ್ಚಿಬೀಳಬೇಕು. ಅದಕ್ಕೆ 15 ಸಾಕು.

ಕಾರಣ ಸಿಡಿ ತಯಾರಿಸುವ ಕ್ರಮ. 80ರ ದಶಕದ ಸಿಡಿಗಳಲ್ಲಿ ಮೆಲ್ಲನೆಯ ಸದ್ದಿಗೂ ಜೋರು ಸದ್ದಿಗೂ ಅಂತರ ಬಿಡುತ್ತಿದ್ದರು. 2001ರ ಹೊತ್ತಿಗೆ ಡ್ರಮ್ಮಿನ ಏಟಿನ ತುದಿಯನ್ನು ಒತ್ತಿ, ಒಟ್ಟು ಸದ್ದನ್ನೇ ಮೇಲಕ್ಕೆತ್ತುವ ರೂಢಿ ಬಂದಿತ್ತು. ಮಳೆಯಲ್ಲಿ ಅದು ವರ. ಆದರೆ ರಾತ್ರಿ ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೂತರೆ ಏಳನೇ ಹಾಡಿನ ಹೊತ್ತಿಗೆ ಕಿವಿ ದಣಿಯುತ್ತದೆ. ನನ್ನ ಮೆಚ್ಚಿನ ಆಲ್ಬಮ್ಮಿನ ದೊಡ್ಡ ದೋಷ ಇದೇ. ಮೂರನ್ನೂ ಪೆನ್‌ಡ್ರೈವ್‌ಗೆ ಹಾಕಿ, ‘ಗೆಟ್ ರೆಡಿ’ಯನ್ನು 6 ಡೆಸಿಬಲ್ ಇಳಿಸಿಕೊಂಡ ಮೇಲೆ ಕಾರಿನ ಗೋಳು ಮುಗಿಯಿತು. ಒತ್ತಿಹೋದ ಏಟು ಮಾತ್ರ ವಾಪಸು ಬರುವುದಿಲ್ಲ.

ಇಷ್ಟಾದರೂ ಅದೇ ಯಾಕೆ? ಮೊದಲ ಹಾಡು ‘ಕ್ರಿಸ್ಟಲ್’ ಹೆಣ್ಣುದನಿಯಿಂದ ಮೆತ್ತಗೆ ತೊಡಗುತ್ತದೆ, ಆಮೇಲೆ ಗಿಟಾರ್ ನುಗ್ಗಿ ಬರುತ್ತದೆ, ಅದರ ಮೇಲೆ ಹುಕ್‌ನ ಬೇಸ್ ತಲೆಯೆತ್ತಿ ನಡೆಯುತ್ತದೆ. ಸಿಂಥ್ ಹೋಗಿಲ್ಲ, ಹಿಂದೆ ಸರಿದು ಜಾಗ ಬಿಟ್ಟಿದೆ. ಮೂರನೇ ಹಾಡಿನಲ್ಲಿ ಸ್ಮ್ಯಾಶಿಂಗ್ ಪಂಪ್ಕಿನ್ಸ್ ಬ್ಯಾಂಡಿನ ಬಿಲ್ಲಿ ಕಾರ್ಗನ್ ದನಿಗೂಡಿಸುತ್ತಾನೆ, ಹಿತವಾಗಿದೆ. ಪ್ರೈಮಲ್ ಸ್ಕ್ರೀಮ್ ಬ್ಯಾಂಡಿನ ಬಾಬಿ ಗಿಲೆಸ್ಪಿ ಬರುವ ಏಳನೆಯದು ಬರೀ ಗದ್ದಲ, ನಾನು ದಾಟಿಸುತ್ತೇನೆ. ಸಾಹಿತ್ಯ ಮೂರರಲ್ಲೂ ಸಾಧಾರಣ.

ರಾತ್ರಿ ಸದ್ದಿಲ್ಲದ ಕೋಣೆಯಲ್ಲಿ ಕೇಳುವವರು ‘ಟೆಕ್ನಿಕ್’ ಕೊಳ್ಳಿ, ಸಿಡಿಯನ್ನೇ ಕೊಳ್ಳಿ. ‘ರಿಪಬ್ಲಿಕ್’ನ ಮೊದಲ ಹಾಡನ್ನು ಫೋನಿನಲ್ಲಿ ಕೇಳಿದರೆ ಸಾಕು. ನನ್ನ ಹಾಗೆ ದಿನಕ್ಕೆ ಎರಡು ಗಂಟೆ ರಸ್ತೆಯಲ್ಲಿರುವವರಿಗೆ, ಅದರಲ್ಲೂ ತಂತಿವಾದ್ಯ ನುಡಿಸಿ ಗೊತ್ತಿರುವವರಿಗೆ ‘ಗೆಟ್ ರೆಡಿ’. ನನಗೆ 450 ರೂಪಾಯಿಗೆ ಸಿಕ್ಕಿತು.

ಮೊನ್ನೆ ಆ ಡ್ರಮ್ಮರ್ ಗೆಳೆಯ ಸುರತ್ಕಲ್‌ನಲ್ಲಿ ಕಾರು ಹತ್ತಿದ. ಎರಡು ಹಾಡು ಮಾತಿಲ್ಲದೆ ಕೇಳಿದ, ಬೆರಳು ಮಾತ್ರ ಮೊಣಕಾಲ ಮೇಲೆ ತಾಳ ಹಾಕುತ್ತಿತ್ತು. ಕೂಳೂರು ಸೇತುವೆ ಹತ್ತಿರ, “ಮಾರಾಯ, ಇದರಲ್ಲಿ ಮನುಷ್ಯರು ಬಾರಿಸ್ತಾ ಇದ್ದಾರೆ ಅಲ್ವಾ?” ಅಂದ. ಈಗ ಇನ್ನೊಂದು ಪ್ರತಿ ಹುಡುಕುತ್ತಿದ್ದೇನೆ, ಅವನಿಗೆ ಕೊಡಲು.