ಲೆಗ್‌ಸ್ಪಿನ್ ಕಲಿಯುವವರಿಗೆ ಎಸ್‌ಜಿ ಟೆಸ್ಟ್ ಚೆಂಡು

ಕಾಸರಗೋಡಿನ ಕಡೆ ಲೆಗ್‌ಸ್ಪಿನ್, ಅಂದರೆ ಮಣಿಕಟ್ಟಿನಿಂದ ಚೆಂಡನ್ನು ತಿರುಗಿಸುವ ಬೌಲಿಂಗ್, ಕಲಿಯಹೊರಟ ಹುಡುಗರ ಬಾಯಲ್ಲಿ ಮೊದಲು ಬರುವ ಹೆಸರು ಅನಿಲ್ ಕುಂಬ್ಳೆಯವರದು. ಅವರು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಾದರೂ ಮನೆತನದ ಮೂಲ ನಮ್ಮ ಕುಂಬಳೆ. ಕಾಸರಗೋಡು ನಗರದ ಒಂದು ರಸ್ತೆಗೂ ಅವರ ಹೆಸರಿದೆ. ಆದರೆ ಇಲ್ಲಿನ ಮಕ್ಕಳು ಹೆಚ್ಚಾಗಿ ಆಡುವುದು ಟೆನಿಸ್ ಚೆಂಡಿನಲ್ಲಿ, ಮತ್ತು ಆ ಚೆಂಡಿನಿಂದ ಕುಂಬ್ಳೆಯವರ ಬೌಲಿಂಗ್ ಕೈಗೆ ಬರುವುದಿಲ್ಲ. ನೆಟ್ಸ್‌ನಲ್ಲಿ ಎಸ್‌ಜಿ ಕಂಪನಿಯ ಟೆಸ್ಟ್ ಚೆಂಡನ್ನು ಬಳಸಿದ ಮೇಲೆ ಈ ಅಭಿಪ್ರಾಯ ನನ್ನಲ್ಲಿ ಇನ್ನಷ್ಟು ಗಟ್ಟಿಯಾಗಿದೆ.

ಮೀರತ್‌ನಲ್ಲಿ ತಯಾರಾಗುವ ಈ ಚೆಂಡನ್ನೇ ಭಾರತದಲ್ಲಿ ನಡೆಯುವ ಟೆಸ್ಟ್ ಪಂದ್ಯಗಳಲ್ಲಿ ಬಳಸುತ್ತಾರೆ. ಹೊಲಿಗೆಯ ಆರೂ ಸಾಲುಗಳು ಕೈಕೆಲಸದವು. ದಪ್ಪ ದಾರದ ಹೊಲಿಗೆಯಾದ್ದರಿಂದ ಸೀಮ್, ಅಂದರೆ ಹೊಲಿಗೆಯ ಏಣು, ಎದ್ದು ನಿಲ್ಲುತ್ತದೆ. ಚರ್ಮದ ಹೊಳಪು ಮಾಸಿದ ಬಳಿಕವೂ ಬೆರಳುಗಳಿಗೆ ಹಿಡಿತ ಸಿಗುತ್ತದೆ. ಲೆಗ್‌ಸ್ಪಿನ್ನರ್‌ಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ.

ಕುಂಬ್ಳೆಯವರು ಚೆಂಡನ್ನು ಬಹಳವಾಗಿ ತಿರುಗಿಸುತ್ತಿದ್ದವರಲ್ಲ ಎಂಬ ಮಾತನ್ನು ಅವರ ಆಟದ ಕಾಲದುದ್ದಕ್ಕೂ ಟೀಕೆಯಾಗಿ ಆಡಲಾಯಿತು. ಆ ಟೀಕೆ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಎತ್ತರದ ನಿಲುವಿನಿಂದ, ಸ್ಪಿನ್ನರ್‌ಗೆ ಅಪರೂಪವಾದ ವೇಗದಲ್ಲಿ ಎಸೆದ ಚೆಂಡು ಸೀಮ್ ಮೇಲೆ ಬಿದ್ದು ಪುಟಿದೇಳುವುದೇ ಅವರ ಬಲವಾಗಿತ್ತು. ಟಾಪ್‌ಸ್ಪಿನ್, ಗೂಗ್ಲಿ, ಫ್ಲಿಪ್ಪರ್ ಎಂಬ ಬೇರೆ ಬಗೆಯ ಎಸೆತಗಳು ಅದಕ್ಕೆ ಒತ್ತಾಸೆಯಾದವು. 1999ರ ಫೆಬ್ರವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧ 26.3 ಓವರುಗಳಲ್ಲಿ 74 ರನ್ ಕೊಟ್ಟು ಹತ್ತೂ ವಿಕೆಟ್ ಕಬಳಿಸಿದಾಗ, ಕೊನೆಯದಾಗಿ ಔಟಾದ ವಾಸಿಂ ಅಕ್ರಂ ಬ್ಯಾಟಿನ ಹತ್ತಿರವೇ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದ ಲಕ್ಷ್ಮಣ್ ಕೈಗೆ ಕ್ಯಾಚಿತ್ತದ್ದು ಅಂಥದೇ ಪುಟಿತದಿಂದ. 1990ರಿಂದ 2008ರವರೆಗೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಗಳಿಸಿದ ಈ ಬಗೆಯ ಬೌಲಿಂಗನ್ನು ಕಲಿಯಲು ಎದ್ದುನಿಂತ ಸೀಮ್ ಇರುವ ಚೆಂಡೇ ಬೇಕು. ನಮ್ಮ ನೆಟ್ಸ್‌ನ ಹುಡುಗರು ಮಣಿಕಟ್ಟನ್ನು ನೇರವಾಗಿಟ್ಟು ಬಿಟ್ಟ ಚೆಂಡು ಬ್ಯಾಟಿನ ಹಿಡಿಯವರೆಗೆ ಏರಿದ್ದನ್ನು ಕಂಡ ಮೇಲೆ, ಮಾತಿನಲ್ಲಿ ಎಷ್ಟು ವಿವರಿಸಿದರೂ ತಿಳಿಯದಿದ್ದದ್ದು ಅವರಿಗೆ ತಾನಾಗಿ ತಿಳಿಯಿತು.

ಬೆಲೆ ಮಾತ್ರ ಶಾಲಾ ತಂಡಗಳಿಗೆ ಭಾರವೇ. ನಮ್ಮ ಮುರಕಲ್ಲಿನ ಮೈದಾನಗಳಲ್ಲಿ ಯಾವ ಚರ್ಮದ ಚೆಂಡೂ ಬೇಗ ಸವೆಯುತ್ತದೆಯಾದ್ದರಿಂದ ಇದನ್ನು ಮ್ಯಾಟ್ ಹಾಸಿದ ಪಿಚ್‌ನಲ್ಲಿ, ಬೌಲಿಂಗ್ ಅಭ್ಯಾಸಕ್ಕಷ್ಟೇ ಬಳಸಿ, ಫೀಲ್ಡಿಂಗ್ ಅಭ್ಯಾಸಕ್ಕೆ ಅಗ್ಗದ ಚೆಂಡನ್ನು ಇಟ್ಟುಕೊಳ್ಳುವುದು ಲೇಸು. ಮಳೆಗಾಲದಲ್ಲಿ ಹೊರತೆಗೆಯಲೇಬಾರದು, ನೀರು ಕುಡಿದ ಚರ್ಮ ಮತ್ತೆ ಮೊದಲಿನಂತಾಗುವುದಿಲ್ಲ. ಹದಿಮೂರರೊಳಗಿನ ಮಕ್ಕಳಿಗೆ 156 ಗ್ರಾಂಗೂ ಮೀರಿದ ಈ ಚೆಂಡು ಹೆಚ್ಚಾಯಿತು; ಅವರ ಪುಟ್ಟ ಬೆರಳುಗಳಿಗೆ 133ರಿಂದ 144 ಗ್ರಾಂ ತೂಗುವ ಕಿರಿಯರ ಚೆಂಡನ್ನೇ ಕೊಡಿಸಬೇಕು. ಅದನ್ನು ಕೊಳ್ಳುವಾಗಲೂ ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿ, ದಾರ ಸಮನಾಗಿ ಎದ್ದಿದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ.