ಎಂ1 ಮ್ಯಾಕ್ ಮಿನಿ: ಧ್ವನಿಮುದ್ರಣದ ಕೋಣೆಯಲ್ಲಿ ಹಲವು ವರ್ಷ

ಹಾಡುವವರಿಗೆ ಹೆಡ್‌ಫೋನಿನಲ್ಲಿ ತಮ್ಮದೇ ದನಿ ತಡವಾಗಿ ಕೇಳಿಸಿದರೆ ಗಮಕ ಕೆಡುತ್ತದೆ. ಕಂಪ್ಯೂಟರ್ ಒಳ್ಳೆಯದೋ ಅಲ್ಲವೋ ಎಂದು ನಾನು ನಿರ್ಧರಿಸುವುದು ಇದರಿಂದಲೇ. ಮನೆಯಲ್ಲಿ ಭಾವಗೀತೆ, ದೇವರನಾಮಗಳನ್ನು ಮುದ್ರಿಸಲೆಂದು 2021ರಲ್ಲಿ 16 ಜಿಬಿ ಮೆಮೊರಿಯ ಎಂ1 ಮ್ಯಾಕ್ ಮಿನಿ, ಅಂದರೆ ಆಪಲ್‌ನದೇ ಎಂ1 ಚಿಪ್ ಇರುವ ಪುಟ್ಟ ಕಂಪ್ಯೂಟರ್ ಕೊಂಡೆ. ಇಂದಿಗೂ ನನ್ನ ಕೆಲಸವೆಲ್ಲ ಅದರಲ್ಲೇ ನಡೆಯುತ್ತದೆ.

ಸಂಗೀತದ ತಂತ್ರಾಂಶಕ್ಕೆ ಬೇಕಾದ ವೇಗವೇ ಬೇರೆ ಬಗೆಯದು. ವಿಡಿಯೊ ಸಿದ್ಧವಾಗುವುದು ಐದು ನಿಮಿಷ ತಡವಾದರೆ ಕಾಯಬಹುದು. ಇಲ್ಲಿ ಹಾಗಲ್ಲ. ದನಿಯನ್ನು ಅಳೆದ ತುಣುಕುಗಳು (ಸ್ಯಾಂಪಲ್) ಕಂತು ಕಂತಾಗಿ ಪ್ರೊಸೆಸರ್‌ಗೆ ಹೋಗುತ್ತವೆ. ಆ ಕಂತೇ ಬಫರ್, ಅದು ಚಿಕ್ಕದಾದಷ್ಟೂ ದನಿ ತಡವಾಗುವುದು ಕಡಿಮೆ. 48 ಕಿಲೊಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ಇರುವಾಗ, ಬಫರನ್ನು 64 ಸ್ಯಾಂಪಲ್‌ಗೆ ಇಳಿಸಿದರೆ ಪ್ರೊಸೆಸರ್‌ಗೆ ಪ್ರತಿ ಸಲ ಸಿಗುವ ಸಮಯ 1.33 ಮಿಲಿಸೆಕೆಂಡ್. ಎಲ್ಲ ಟ್ರ್ಯಾಕ್‌ಗಳ ಲೆಕ್ಕವೂ ಅಷ್ಟರೊಳಗೆ ಮುಗಿಯಬೇಕು. ಒಮ್ಮೆ ತಪ್ಪಿದರೂ ‘ಟಪ್’ ಎಂಬ ಸದ್ದು ಕೇಳಿಸುತ್ತದೆ. ಸರಾಸರಿ ವೇಗ ಎಷ್ಟಿದ್ದರೂ ಆ ಸದ್ದನ್ನು ಅಳಿಸದು.

ಗಾಯನದ ಟ್ರ್ಯಾಕ್‌ನಲ್ಲಿ ದನಿಯನ್ನು ತಿದ್ದುವ ಈಕ್ಯೂ, ಕಂಪ್ರೆಸರ್, ರಿವರ್ಬ್ (ಅನುರಣನ) ಎಂಬ ಪ್ಲಗಿನ್‌ಗಳು, ಅಂದರೆ ಮುಖ್ಯ ತಂತ್ರಾಂಶಕ್ಕೆ ಸೇರಿಸುವ ಚಿಕ್ಕ ತಂತ್ರಾಂಶಗಳು, ಸಾಲಾಗಿ ನಿಂತಿರುತ್ತವೆ. ಮೊದಲನೆಯದು ಮುಗಿಯದೆ ಎರಡನೆಯದು ಶುರುವಾಗುವಂತಿಲ್ಲ. ಹೀಗಾಗಿ ಆ ಸಾಲು ಸಾಮಾನ್ಯವಾಗಿ ಪ್ರೊಸೆಸರ್‌ನ ಒಂದೇ ಕೋರ್‌ನ (ಲೆಕ್ಕ ಮಾಡುವ ಘಟಕದ) ಪಾಲಿಗೆ ಬೀಳುತ್ತದೆ, ಉಳಿದ ಕೋರ್‌ಗಳು ಬಿಡುವಾಗಿದ್ದರೂ ಅದಕ್ಕೆ ನೆರವಾಗವು. ಎಂ1ನ 8 ಕೋರ್‌ಗಳಲ್ಲಿ ನಾನು ನೆಚ್ಚುವುದು 4 ವೇಗದ ಕೋರ್‌ಗಳನ್ನು ಮಾತ್ರ. ಅವು ಒಂದು ಆವರ್ತದಲ್ಲಿ 8 ಸೂಚನೆಗಳನ್ನು ಬಿಡಿಸಿಕೊಳ್ಳುತ್ತವೆ. ಆ ನಾಲ್ಕೂ ಹಂಚಿಕೊಳ್ಳುವ 12 ಎಂಬಿ ಕ್ಯಾಶೆಯಲ್ಲಿ (ಚಿಪ್‌ನೊಳಗಿನ ವೇಗದ ಮೆಮೊರಿಯಲ್ಲಿ) ಸಾಧಾರಣ ರಿವರ್ಬ್‌ನ ವಿಳಂಬದ ದತ್ತಾಂಶವೆಲ್ಲ ಹಿಡಿಸುತ್ತದೆ. ಪ್ರೊಸೆಸರ್ ಮತ್ತೆ ಮತ್ತೆ ದೂರದ ಮೆಮೊರಿಗೆ ಹೋಗಿ ಬರಬೇಕಿಲ್ಲ. ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಸೂಚನೆಗಳ ಪೈಕಿ ಇಂಟೆಲ್ ಕಡೆಯ ಎವಿಎಕ್ಸ್ 256 ಬಿಟ್ ಅಗಲದ್ದು, ಎಂ1ನ ನಿಯಾನ್ 128 ಬಿಟ್‌ನದು. ಕಾಗದದ ಮೇಲೆ ಇದು ಕೊರತೆ. ಆದರೆ ಅಂಥ ನಾಲ್ಕು ಘಟಕಗಳು ಒಟ್ಟಿಗೆ ದುಡಿಯುವುದರಿಂದ ನನ್ನ ಕೆಲಸದಲ್ಲಿ ಆ ಕೊರತೆ ಕಾಣಲಿಲ್ಲ.

ನಿಜವಾದ ತೊಡಕು ರೊಸೆಟ್ಟಾ 2ರದು. ಇಂಟೆಲ್ ಚಿಪ್‌ಗೆ ಬರೆದ ತಂತ್ರಾಂಶವನ್ನು ಆರ್ಮ್‌ಗೆ, ಅಂದರೆ ಎಂ1 ಅರಿಯುವ ಸೂಚನೆಗಳಿಗೆ, ಅನುವಾದಿಸುವ ಆಪಲ್‌ನ ಈ ಪದರ ಬಹುಮಟ್ಟಿಗೆ ಅದ್ಭುತವಾಗಿಯೇ ಇದೆ. ಆದರೆ ಒಂದೇ ಪ್ರಕ್ರಿಯೆಯೊಳಗೆ ಎರಡು ಬಗೆಯ ಚಿಪ್‌ಗಳ ಕೋಡ್ ಜೊತೆಯಾಗಿ ಓಡಲಾರದು. ಆಪಲ್‌ನ ಸಂಗೀತ ತಂತ್ರಾಂಶ ಲಾಜಿಕ್ ಪ್ರೊ, ಹಳೆಯ ಆಡಿಯೊ ಯುನಿಟ್‌ಗಳನ್ನು (ಆಪಲ್ ಬಗೆಯ ಪ್ಲಗಿನ್‌ಗಳನ್ನು) ಬೇರೆ ಪ್ರಕ್ರಿಯೆಯಲ್ಲಿ ಓಡಿಸಿ ಇದನ್ನು ದಾಟುತ್ತದೆ. ಅಂಥ ವ್ಯವಸ್ಥೆಯಿಲ್ಲದ ತಂತ್ರಾಂಶಗಳಲ್ಲಿ ವಿಎಸ್‌ಟಿ ಎಂಬ ಇನ್ನೊಂದು ಬಗೆಯ ಒಂದು ಹಳೆಯ ಪ್ಲಗಿನ್‌ಗಾಗಿ ಇಡೀ ತಂತ್ರಾಂಶವನ್ನೇ ರೊಸೆಟ್ಟಾದಡಿ ತೆರೆಯಬೇಕು. ಏಬಲ್‌ಟನ್ ಲೈವ್ ಎಂಬ ಸಂಗೀತ ತಂತ್ರಾಂಶ ಆರ್ಮ್‌ಗೆ ಬಂದದ್ದೇ 2022ರಲ್ಲಿ, 11.1ನೇ ಆವೃತ್ತಿಯೊಂದಿಗೆ. ನಾನು ನೆಚ್ಚಿಕೊಂಡಿದ್ದ ತಂತಿವಾದ್ಯದ ಪ್ಲಗಿನ್ ಒಂದರ ತಯಾರಕರು ಬಹುಕಾಲ ಹೊಸ ಆವೃತ್ತಿ ತರಲಿಲ್ಲ. ಅಲ್ಲಿಯವರೆಗೆ 256 ಸ್ಯಾಂಪಲ್‌ಗಿಂತ ಕೆಳಗಿಳಿದರೆ ಸದ್ದು ಒಡೆಯುತ್ತಿತ್ತು. ಆರ್ಮ್ ಆವೃತ್ತಿ ಬಂದ ಮೇಲೆ ಅದೇ ಯಂತ್ರ, ಅದೇ ಹಾಡು 64ರಲ್ಲಿ ನಿರಾಳವಾಗಿ ಓಡಿತು. ಚಿಪ್ ಎಷ್ಟೇ ಚುರುಕಾಗಿದ್ದರೂ ಅದರ ನುಡಿಯಲ್ಲೇ ಬರೆದ ತಂತ್ರಾಂಶ ಬೇಕು ಎಂದು ನನಗೆ ಮನದಟ್ಟಾದದ್ದು ಆಗ.

ಮೈಕ್ ಪಕ್ಕದಲ್ಲೇ ಯಂತ್ರವಿದ್ದರೂ ಫ್ಯಾನ್ ಸದ್ದು ಮುದ್ರಣದಲ್ಲಿ ಸೇರುವುದಿಲ್ಲ. ತಂಬೂರಿಯ ಶ್ರುತಿ ಹಿಡಿದು ಮೆಲ್ಲಗೆ ಆಲಾಪ ಶುರುವಾಗುವಾಗ ಇದರ ಬೆಲೆ ತಿಳಿಯುತ್ತದೆ.

ಮೆಮೊರಿಯ ಗರಿಷ್ಠ ಮಿತಿ 16 ಜಿಬಿ, ಕೊಂಡ ಮೇಲೆ ಹೆಚ್ಚಿಸುವಂತಿಲ್ಲ. ವಾದ್ಯವೃಂದದ ದೊಡ್ಡ ಸ್ಯಾಂಪಲ್ ಸಂಗ್ರಹಗಳನ್ನು (ಮೊದಲೇ ಮುದ್ರಿಸಿಟ್ಟ ವಾದ್ಯಗಳ ಸದ್ದುಗಳನ್ನು) ಬಳಸುವವರಿಗೆ ಇದು ಸಾಲದು. ಅವರು ಹೆಚ್ಚು ಮೆಮೊರಿಯ ಮುಂದಿನ ಮಾದರಿಗಳನ್ನೇ ನೋಡಲಿ. ಗಾಯನ, ತಬಲಾ, ಕೊಳಲು, ಕೀಬೋರ್ಡ್‌ಗಳಷ್ಟೇ ಇರುವವರು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೂ ಧೈರ್ಯವಾಗಿ ಕೊಳ್ಳಬಹುದು, ಆದರೆ 8 ಜಿಬಿಯದು ಬೇಡ. ಕೊಳ್ಳುವ ಮುನ್ನ ನಿಮ್ಮ ಪ್ಲಗಿನ್‌ಗಳಲ್ಲಿ ಯಾವುವು ಇನ್ನೂ ಇಂಟೆಲ್‌ನವು ಎಂದು ನೋಡಿಕೊಳ್ಳಿ. ರೊಸೆಟ್ಟಾ ಈಗಿನ ಪೂರ್ಣ ರೂಪದಲ್ಲಿ ಇರುವುದು ಮ್ಯಾಕ್‌ಒಎಸ್ 27ರವರೆಗೆ ಮಾತ್ರ ಎಂದು ಆಪಲ್ 2025ರಲ್ಲೇ ತಿಳಿಸಿದೆ.