ಮೂರು ಊರಿನ ಕರೆಂಟು ಲೆಕ್ಕ: ಬಿಲ್ಲೋ, ಕ್ಲ್ಯಾಂಪೋ, ಪ್ಯಾನೆಲ್ ಮೀಟರೋ?

ಕಾರವಾರದಲ್ಲಿ ಐಸ್ ಪ್ಲಾಂಟ್, ಕುಮಟಾದಲ್ಲಿ ಅಂಗಡಿ, ಶಿರಸಿಯಲ್ಲಿ ಅಡಿಕೆ ಗೋದಾಮು ಇದ್ದರೆ ಹೆಸ್ಕಾಂ ಬಿಲ್ಲು ತಿಂಗಳ ಯೂನಿಟ್ ಹೇಳುತ್ತದೆ, ಯಾವ ಮೋಟಾರು ತಿಂದಿತೆಂದು ಹೇಳುವುದಿಲ್ಲ.

ಅಂಗಡಿಗೆ ವೈರಿನ ಸುತ್ತ ಕಚ್ಚಿಕೊಂಡು ಕರೆಂಟು ಅಳೆಯುವ ವೈಫೈ ಕ್ಲ್ಯಾಂಪ್ ಮೀಟರ್ ಧಾರಾಳವಾಯಿತು. ಮೇನ್ ಆಫ್ ಮಾಡಿ ಫೇಸ್ ವೈರಿಗಷ್ಟೇ ಸಿಕ್ಕಿಸಿ. ನ್ಯೂಟ್ರಲ್ ಕೂಡ ಒಳಗೆ ಸೇರಿದರೆ ಸೊನ್ನೆ ತೋರಿಸುತ್ತದೆ.

ಐಸ್ ಪ್ಲಾಂಟಿಗೆ ಮಾತ್ರ ಆರ್‌ಎಸ್-485 (ರೀಡಿಂಗನ್ನು ತಂತಿಯಲ್ಲಿ ಬೇರೆ ಉಪಕರಣಕ್ಕೆ ಕಳಿಸುವ ಪೋರ್ಟ್) ಇರುವ ತ್ರೀಫೇಸ್ ಪ್ಯಾನೆಲ್ ಮೀಟರೇ ಬೇಕು. ಕಂಪ್ರೆಸರಿನ ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು), ಗರಿಷ್ಠ ಬೇಡಿಕೆ (ಒಮ್ಮೆಗೆ ಎಳೆದ ಅತಿ ಹೆಚ್ಚು ಲೋಡ್) ಎರಡೂ ಅದರಲ್ಲಿ ಸಿಗುತ್ತವೆ. ಎಡವಟ್ಟಾಗುವುದು ಸಿಟಿಯಲ್ಲಿ (ಕರೆಂಟ್ ಟ್ರಾನ್ಸ್‌ಫಾರ್ಮರ್, ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಷ್ಟು ಇಳಿಸುವ ಉಂಗುರ): 100 ಆಂಪಿಯರನ್ನು 5ಕ್ಕೆ ಇಳಿಸುವ 100/5 ಹಾಕಿ ಮೀಟರಿನಲ್ಲಿ 5/5 ಸೆಟ್ಟಿಂಗ್ ಬಿಟ್ಟರೆ ರೀಡಿಂಗ್ 20 ಪಟ್ಟು ಕಡಿಮೆ. ಮೂರು ಫೇಸಿನ ಮೂರು ಸಿಟಿಗಳಲ್ಲಿ ಒಂದು ಉಲ್ಟಾ ಕೂತರೆ ಒಟ್ಟು ಕಿಲೋವ್ಯಾಟ್ ಮೂರನೇ ಒಂದಕ್ಕೆ ಇಳಿಯುತ್ತದೆ. ಮೊದಲ ತಿಂಗಳು ಬಿಲ್ಲಿನ ಜೊತೆ ತಾಳೆ ನೋಡಲೇಬೇಕು. ಉಪ್ಪುಗಾಳಿಗೆ ಟರ್ಮಿನಲ್ ಹಸಿರುಗಟ್ಟುತ್ತದೆ, ಧೂಳು, ನೀರು ಒಳಹೋಗದ ಐಪಿ65 ಡಬ್ಬಿಗೆ ಜಿಪುಣತನ ಬೇಡ.

ಶಿರಸಿಯ ಮಳೆಗಾಲಕ್ಕೆ ನೆಟ್ ಇಲ್ಲದಾಗ ರೀಡಿಂಗ್ ಉಳಿಸಿಟ್ಟು ಆಮೇಲೆ ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸುವ ಡಬ್ಬಿ, ಅಂದರೆ ಸಿಮ್ ಗೇಟ್‌ವೇ ಆರಿಸಿ.